ಪಡುವಣ ಗೋಡೆಯ ಜಾಲಿ: ಕಿಂಡಿಯ ಅಳತೆಗೆ ನಾನು ಹಾಕುವ ಲೆಕ್ಕ

ಮೈಸೂರಿನಲ್ಲಿ ಪಡುವಣ ಕಿಟಕಿಯ ಬಿಸಿಲನ್ನು ಸಜ್ಜಾದಿಂದ (ಕಿಟಕಿಯ ಮೇಲೆ ಚಾಚಿದ ಹಲಗೆ) ತಡೆಯಲಾಗದು. ಅಕ್ಷಾಂಶ 12.3 ಡಿಗ್ರಿ. ಮಾರ್ಚ್ 21ರಂದು ಸೌರಕಾಲ, ಅಂದರೆ ಸೂರ್ಯ ಅತಿ ಎತ್ತರದಲ್ಲಿದ್ದಾಗ ಹನ್ನೆರಡು ಎಂದು ಎಣಿಸುವ ಕಾಲ, ನಾಲ್ಕು ಗಂಟೆಗೆ (ನಮ್ಮ ಗಡಿಯಾರದಲ್ಲಿ ಸುಮಾರು ನಾಲ್ಕೂವರೆ) ಸೂರ್ಯ ಗಂಟೆಗೆ 15ರಂತೆ 60 ಡಿಗ್ರಿ ಸರಿದಿರುತ್ತಾನೆ. ಆಗ ಬಿಸಿಲಿನ ಲಂಬ ಭಾಗ ಕಾಸ್ 12.3 × ಕಾಸ್ 60, ಅಂದರೆ 0.489. ಪಡುವಣ ಭಾಗ ಸೈನ್ 60, ಅಂದರೆ 0.866. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.564. ಇದರಂತೆ 1.2 ಮೀಟರ್ ಎತ್ತರದ ಕಿಟಕಿಗೆ 2.1 ಮೀಟರ್ ಸಜ್ಜಾ ಬೇಕು. ಅಷ್ಟು ಉದ್ದ ಯಾರೂ ಹಾಕಿಸುವುದಿಲ್ಲ. ಹಾಗಾಗಿ ಜಾಲಿ, ಅಂದರೆ ಕಿಂಡಿಯ ಬ್ಲಾಕ್ ಜೋಡಿಸಿದ ಗೋಡೆ.

ಅದೇ 0.564ನ್ನು ಜಾಲಿಯ ದಪ್ಪಕ್ಕೆ ಗುಣಿಸಿದರೆ ನೇರ ಬಿಸಿಲು ಒಳಗೆ ಬಾರದಂತೆ ಕಿಂಡಿಯ ಎತ್ತರದ ಮಿತಿ ಸಿಗುತ್ತದೆ: 100 ಮಿ.ಮೀ. ದಪ್ಪಕ್ಕೆ 56 ಮಿ.ಮೀ. ಐದು ಗಂಟೆಯ ಬಿಸಿಲನ್ನೂ ತಡೆಯುತ್ತೇನೆಂದರೆ 26ಕ್ಕೆ ಇಳಿಯುತ್ತದೆ, ಕೋಣೆ ಕತ್ತಲಾಗುತ್ತದೆ. ಡಿಸೆಂಬರ್‌ನ ನಾಲ್ಕು ಗಂಟೆಗೆ 46 ಬರುತ್ತದೆ. ಚಳಿಗಾಲದ ಸಂಜೆ ಬಿಸಿಲಿಗೆ ಇಲ್ಲಿ ಯಾರ ತಕರಾರೂ ಇಲ್ಲ, ಅದನ್ನು ಬಿಟ್ಟುಬಿಡುತ್ತೇನೆ.

ಎಲ್ಲ ಸಾಲಿಗೂ ಒಂದೇ ಕಿಂಡಿ ಬೇಕಿಲ್ಲ. ನೆಲದಿಂದ 0.3 ಮೀಟರ್ ಮೇಲಿನ ಕಿಂಡಿಯಿಂದ ಬಂದ ಬಿಸಿಲು ಗೋಡೆಯಿಂದ ಅರ್ಧ ಮೀಟರಿನಲ್ಲೇ ನೆಲಕ್ಕೆ ಬೀಳುತ್ತದೆ, 2.1 ಮೀಟರ್ ಮೇಲಿನದು 3.7 ಮೀಟರ್ ಒಳಗೆ ಬಂದು ಸೋಫಾದ ಮೇಲೆ ಕೂರುತ್ತದೆ. ಆದ್ದರಿಂದ ಕೆಳಗೆ ಮಿತಿ ಮೀರಿದರೂ ಸರಿ, ದೊಡ್ಡದು; ಮೇಲೆ ಸಣ್ಣದು. ಗೋಡೆಬುಡದ ನೆಲ ಸ್ವಲ್ಪ ಕಾಯುವುದು ನಿಜ, ಅಲ್ಲಿ ಕುಂಡ ಇಡಿಸುತ್ತೇನೆ.

ಸಾಲಿನ ಎತ್ತರ ಕೊಟ್ಟರೆ ಎಕ್ಸೆಲ್ ಸಾಲಿಗೊಂದು ಅಳತೆ ಉಗುಳುತ್ತದೆ. ಅಷ್ಟು ಅಚ್ಚು ಮಾಡಿಸಲು ಹೋದರೆ ಮೇಸ್ತ್ರಿ ಕೆಲಸ ಬಿಟ್ಟು ಹೋಗುತ್ತಾರೆ. 50, 75, 100 ಮೂರೇ ಅಚ್ಚು. ಬಂದ ಅಳತೆಯನ್ನು ಯಾವಾಗಲೂ ಕೆಳಗಿನ ಅಚ್ಚಿಗೇ ಇಳಿಸಬೇಕು. 56ಕ್ಕೆ 75 ಹಾಕಿದರೆ ಪ್ರತಿ ಕಿಂಡಿಯಲ್ಲೂ ಕಾಲು ಭಾಗ ಬಿಸಿಲು ನೇರ ಒಳಗೆ.

ಎಡವಟ್ಟು ಆಗುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲೇ. ಎಕ್ಸೆಲ್‌ಗೆ ಕೋನ ರೇಡಿಯನ್‌ನಲ್ಲಿ ಬೇಕು. 60 ಅಂತಲೇ ಕೊಟ್ಟರೆ ಲಂಬ ಭಾಗ ಋಣವಾಗಿ ಸೂರ್ಯ ನೆಲದಡಿಗೆ ಹೋಗುತ್ತಾನೆ, ಅದು ಕಣ್ಣಿಗೆ ಬೀಳುತ್ತದೆ. ಆದರೆ ಬ್ಲಾಕ್ ತೆಳುವಾಗಿದ್ದರೆ ಕಣ್ಣಿಗೆ ಬೀಳುವುದಿಲ್ಲ: ದಪ್ಪ 75 ಆದರೆ ಮಿತಿ 42, ಆಗ 50ರ ಕಿಂಡಿಯೂ ಸೋರುತ್ತದೆ. ಲೋಡ್ ಇಳಿಸುವಾಗಲೇ ಟೇಪ್ ಹಿಡಿಯಿರಿ. ಅಚ್ಚು ಸುಲಭವಾಗಿ ಬಿಡಲೆಂದು ಕಿಂಡಿಯ ಒಂದು ಮುಖ ಅಗಲ ಇರುತ್ತದೆ. ಎರಡೂ ಮುಖ ಅಳೆದು ಸರಾಸರಿ ತೆಗೆದುಕೊಳ್ಳಿ. ಗೋಡೆಯ ದಿಕ್ಕನ್ನು ಮೊಬೈಲ್ ದಿಕ್ಸೂಚಿಯಿಂದ ನೋಡಬೇಡಿ, ಕಂಬಿಯ ಹತ್ತಿರ ಅದು ತಪ್ಪು ತೋರಿಸುತ್ತದೆ. ಉಪಗ್ರಹ ನಕ್ಷೆಯಲ್ಲಿ ಗೋಡೆಯ ಗೆರೆ ಎಳೆದು ಕೋನ ಓದಿ.