ಸರ್ಜರಿಗೆ ಕರೆದರೆ ಹೆದರಬೇಡಿ: ಇಂಗ್ಲೆಂಡಿಗೆ ಹೊರಟ ನಮ್ಮೂರವರಿಗೆ

ನಾನು ಇಂಗ್ಲೆಂಡಿಗೆ ಹೋದ ಮೊದಲ ತಿಂಗಳು ಮನೆಗೆ ಒಂದು ಕಾಗದ ಬಂತು. ಮಂಗಳವಾರ ಬೆಳಿಗ್ಗೆ 9.40ಕ್ಕೆ ಸರ್ಜರಿಗೆ ಬನ್ನಿ, ಹತ್ತು ನಿಮಿಷ ಮೊದಲೇ ಬಂದಿರಿ ಅಂತ. ನನಗೆ ಇದ್ದದ್ದು ಒಣ ಕೆಮ್ಮು, ಅಷ್ಟೇ. ರಾತ್ರಿಯೇ ಶಿರಸಿಗೆ ಫೋನ್ ಮಾಡಿದೆ. ಆಯಿ ಅತ್ತು ಕರೆದು ಮಾರಿಕಾಂಬೆಗೆ ಹರಕೆ ಹೊತ್ತಳು. ಅಪ್ಪ ಮಾತ್ರ "ಕೆಮ್ಮಿಗೆ ಕೊಯ್ಯದು ಎಂತಕ್ಕೆ?" ಎಂದು ಕೇಳಿದ.

ಆಪರೇಷನ್ ಅಲ್ವಾ, ಏನೂ ತಿನ್ನಬಾರದು ಅಂತ ಖಾಲಿ ಹೊಟ್ಟೆಯಲ್ಲಿ ಹೋದೆ. ಚೀಲದಲ್ಲಿ ಟವೆಲ್, ಪಂಚೆ, ಹಲ್ಲುಜ್ಜುವ ಬ್ರಷ್. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದರು. ನೀರು ಜಾಸ್ತಿ ಕುಡಿಯಿರಿ, ವಾರದಲ್ಲಿ ಹೋಗುತ್ತದೆ ಅಂದರು. ಐದಾರು ನಿಮಿಷಕ್ಕೆ ಹೊರಗೆ ಬಂದೆ. ಅಲ್ಲಿ ಸರ್ಜರಿ ಅಂದರೆ ಮೊದಲ ಅರ್ಥ ದವಾಖಾನೆ. ಡಾಕ್ಟರು ಕೂತು ರೋಗಿಗಳನ್ನು ನೋಡುವ ಜಾಗ. ಕೊಯ್ಯುವುದಕ್ಕೂ ಅದೇ ಪದ ಇದೆ, ಆದರೆ ಕೊಯ್ಯುವ ಕೋಣೆಗೆ ಥಿಯೇಟರ್ ಅನ್ನುತ್ತಾರೆ. ಅಲ್ಲಿನ ಸಂಸದರೂ ಸರ್ಜರಿ ನಡೆಸುತ್ತಾರೆ. ಕ್ಷೇತ್ರದ ಜನರ ಅಹವಾಲು ಕೇಳುವುದಕ್ಕೆ ಆ ಹೆಸರು.

ಆಯಿ ಹರಕೆ ತೀರಿಸಿಯೇ ತೀರಿಸಿದಳು. "ಕೊಯ್ಯದೆ ಬಿಟ್ಟರಲ್ಲ, ಅವಳ ದಯೆ" ಅಂತ.

ಇದೆಲ್ಲ ನೆನಪಾದದ್ದು ಈ ಮಳೆಗಾಲ ಊರಿಗೆ ಬಂದಾಗ. ಅಣ್ಣನ ಮಗಳು ಸೆಪ್ಟೆಂಬರಿನಲ್ಲಿ ಲೀಡ್ಸಿಗೆ ಓದಲು ಹೊರಟಿದ್ದಾಳೆ. ಜಗಲಿಯಲ್ಲಿ ಕೂತು, "ಅಪ್ಪಚ್ಚಿ, ಇಂಗ್ಲಿಷ್ ಪರೀಕ್ಷೆಗೆ ಕಷ್ಟದ ಪದ ಎಲ್ಲ ಬಾಯಿಪಾಠ ಮಾಡಿದ್ದೇನೆ, ಇನ್ನೇನು ಬೇಕು?" ಅಂದಳು. ಕೂಸೇ, ಗೊತ್ತಿಲ್ಲದ ಪದ ಬಂದರೆ ಫೋನಿನಲ್ಲಿ ಹುಡುಕುತ್ತೀಯ. ಸಣ್ಣವಳಿದ್ದಾಗಿಂದ ಗೊತ್ತಿರುವ ಪದವನ್ನು ಯಾರು ಹುಡುಕುತ್ತಾರೆ? ಕಾಲು ಜಾರುವುದು ಅಂಗಳದ ಪಾಚಿಯಲ್ಲೇ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕುಮಟಾ, ಕಾರವಾರದ ಕಡೆಯಿಂದ ಹೊರಟವರಿಗೂ ಆದೀತು.

ದವಾಖಾನೆಯ ಮಾತು ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ "ನಿನ್ನೆ ಸಿಕ್ ಆಗಿದ್ದೆ" ಅಂದರೆ ಹೆಚ್ಚಾಗಿ "ವಾಂತಿ ಮಾಡಿದೆ" ಅಂತಲೇ ಕೇಳಿಸುತ್ತದೆ. ಬರೀ ಮೈ ಸರಿ ಇಲ್ಲದಿದ್ದರೆ ಇಲ್ ಅನ್ನಿ. ನಮ್ಮ ಗ್ಯಾಸ್ಟ್ರಿಕ್, ಲೂಸ್ ಮೋಷನ್ ಎರಡನ್ನೂ ಊರಲ್ಲೇ ಬಿಟ್ಟು ಹೋಗಿ. ಹೊಟ್ಟೆ ಉರಿ, ಭೇದಿ ಅಂತ ಬಿಡಿಸಿ ಹೇಳಿದರೆ ಡಾಕ್ಟರಿಗೆ ಬೇಗ ತಿಳಿಯುತ್ತದೆ.

ಇನ್ನು ಟೀ. ಲೀಡ್ಸ್ ಇರುವುದು ಉತ್ತರ ಇಂಗ್ಲೆಂಡಿನಲ್ಲಿ. ಆ ಕಡೆ ಬಹಳ ಮನೆಗಳಲ್ಲಿ ಟೀ ಅಂದರೆ ಸಂಜೆಯ ಊಟ, ಡಿನ್ನರ್ ಅಂದರೆ ಮಧ್ಯಾಹ್ನದ್ದು. ಜೊತೆಗೆ ಕೆಲಸ ಮಾಡುವವನೊಬ್ಬ "ಹಾಫ್ ಫೈವ್‌ಗೆ ಟೀಗೆ ಬಾ" ಎಂದು ಕರೆದ. ಹಾಫ್ ಫೈವ್ ಅಂದರೆ ಐದೂವರೆ, ನಾಲ್ಕೂವರೆ ಅಲ್ಲ. ಅದನ್ನು ಕೇಳಿ ತಿಳಿದುಕೊಂಡೆ. ಟೀ ಬಗ್ಗೆ ಕೇಳಲಿಲ್ಲ, ಟೀ ನನಗೆ ಗೊತ್ತಿಲ್ಲವೇ! ನಮ್ಮಲ್ಲಿ ಬಂದವರಿಗೆ ಆಸ್ರಿಗೆ ಕೊಡುತ್ತಾರಲ್ಲ, ಹಾಗೆ ಅಂದುಕೊಂಡೆ. ಮನೆಯಲ್ಲಿ ಅನ್ನ, ತಂಬುಳಿ ಗಡದ್ದಾಗಿ ಉಂಡು ಹೋದೆ. ನೋಡಿದರೆ ಮೇಜಿನ ಮೇಲೆ ಆಲೂಗಡ್ಡೆ, ಬಟಾಣಿ, ನಾನು ಮಾಂಸ ತಿನ್ನುವುದಿಲ್ಲ ಅಂತ ಬೇರೆಯೇ ಮಾಡಿದ ದೊಡ್ಡ ಪೈ. ಅವನ ಹೆಂಡತಿ ನನ್ನ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ತಿಂದೆ. ಹೇಗೆ ತಿಂದೆನೋ ಕೇಳಬೇಡಿ. ಕೊನೆಗೆ "ಕ್ವೈಟ್ ಗುಡ್" ಅಂತ ಹೊಗಳಿದೆ. ಬ್ರಿಟಿಷರ ಬಾಯಲ್ಲಿ ಅದು "ಪರವಾಗಿಲ್ಲ" ಅನ್ನುವಷ್ಟೇ ಅಂತ ತಿಳಿದದ್ದು ವರ್ಷದ ಮೇಲೆ. ಹೊರಡುವಾಗ ನಮ್ಮ ಅಭ್ಯಾಸದಂತೆ "ಬರ್ತೇನೆ" ಅನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ "ಐ ವಿಲ್ ಕಮ್" ಅಂದೆ. ಅವನು ಬಾಗಿಲು ಹಾಕದೆ ನಿಂತೇ ಇದ್ದ.

ಕಾಲೇಜಿಗೆ ಹೋಗುವವರು ಡೌಟ್ ಪದದ ಮೇಲೆ ಕಣ್ಣಿಡಿ. "ನನಗೊಂದು ಡೌಟ್ ಇದೆ" ಅಂದರೆ ಮೇಷ್ಟ್ರಿಗೆ "ನೀವು ಹೇಳಿದ್ದನ್ನು ನಂಬುವುದಿಲ್ಲ" ಅಂತ ಕೇಳಿಸಬಹುದು. ಕ್ವೆಶ್ಚನ್ ಅನ್ನಿ. "ಶಿರಸಿ ಕಾಲೇಜಿನಿಂದ ಪಾಸ್ ಔಟ್ ಆದೆ" ಅಂದರೆ ತಲೆ ತಿರುಗಿ ಬಿದ್ದೆ ಅಂತ. ಸೇನೆಯವರಿಗೆ ಮಾತ್ರ ಅದು ಸಲ್ಲುತ್ತದೆ, ಕಾರವಾರದ ನೌಕಾನೆಲೆಯವರು ಧೈರ್ಯವಾಗಿ ಹೇಳಿಕೊಳ್ಳಲಿ. "ಮೈ ನೇಟಿವ್ ಈಸ್ ಕುಮಟಾ" ಬೇಡ. ನೇಟಿವ್ ಅಂದರೆ ಅಲ್ಲಿ ಮನುಷ್ಯ, ಊರಲ್ಲ. ಹೋಟೆಲ್ ಅಂದರೆ ತಂಗುವ ಜಾಗ, ತಿಂಡಿ ತಿನ್ನುವ ಜಾಗಕ್ಕೆ ಕೆಫೆ, ರೆಸ್ಟೋರೆಂಟ್. ಪಾರ್ಸೆಲ್ ಕೊಡಿ ಅನ್ನಬೇಡಿ, ಟೇಕ್‌ಅವೇ ಅನ್ನಿ. ಪ್ಯಾಂಟ್ಸ್ ಅಂದರೆ ಒಳಚಡ್ಡಿ! ಆಫೀಸಿನಲ್ಲಿ "ಹೊಸ ಪ್ಯಾಂಟ್ಸ್ ತಗೊಂಡೆ, ಹೇಗಿದೆ?" ಅಂತ ದಯವಿಟ್ಟು ಕೇಳಬೇಡಿ. ಅಮೆರಿಕಕ್ಕೆ ಹೋದರೆ ಅದೇ ಪದ ಸುರಕ್ಷಿತ. ಅಲ್ಲಿ ರಬ್ಬರ್ ಕೇಳಬೇಡಿ, ಅಳಿಸುವುದಕ್ಕೆ ಇರೇಸರ್. ಯಾರದಾದರೂ ಹೆಂಡತಿಯನ್ನು ಹೋಮ್ಲಿ ಅಂತ ಹೊಗಳಲೂಬೇಡಿ. ಅಮೆರಿಕದಲ್ಲಿ ಅದಕ್ಕೆ ಅರ್ಥ ನೋಡಲು ಚೆನ್ನಾಗಿಲ್ಲ ಅಂತ.

ಹಾಗಂತ ತಪ್ಪೆಲ್ಲ ನಮ್ಮದೇ ಅಂದುಕೊಳ್ಳಬೇಡಿ. ನಮ್ಮ ಡ್ರೈವರುಗಳು ಹೇಳುವ ಸ್ಟೆಪ್ನಿ ಅವರದೇ ಪದ. ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಹುಟ್ಟಿದ ಚಕ್ರದ ಹೆಸರು. ಅವರು ಮರೆತರು, ನಾವು ಇಟ್ಟುಕೊಂಡೆವು. ಅಡಿಕೆಗೆ ಬೀಟಲ್ ನಟ್ ಅನ್ನುವುದಂತೂ ಪೂರಾ ಅವರ ತಪ್ಪು. ಬೀಟಲ್ ಬಂದದ್ದು ಮಲಯಾಳದ ವೆಟ್ಟಿಲದಿಂದ, ಅಂದರೆ ವೀಳ್ಯದೆಲೆ. ಕವಳದಲ್ಲಿ ಎರಡೂ ಒಟ್ಟಿಗೆ ಕಂಡು ಎಲೆಯ ಹೆಸರನ್ನು ಕಾಯಿಗೆ ಅಂಟಿಸಿಬಿಟ್ಟರು. ಸರಿಯಾದ ಪದ ಅರೆಕಾ. ಅದು ಪೋರ್ಚುಗೀಸರ ಬಾಯಿಂದ ಹೋದದ್ದು, ನಮ್ಮ ಅಡಿಕೆಗೆ ಅಕ್ಕತಂಗಿ. ಕಾರವಾರದಲ್ಲಿ 1638ರಲ್ಲಿ ಇಂಗ್ಲಿಷರು ಫ್ಯಾಕ್ಟರಿ ತೆರೆದರು ಅಂತ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಚಿಮಣಿ, ಹೊಗೆ. ಅದು ಸೋಂದಾ ಸೀಮೆಯ ಕಾಳುಮೆಣಸು ಕೊಳ್ಳಲು ಹಾಕಿದ ಕೋಠಿ. ಫ್ಯಾಕ್ಟರ್ ಅಂದರೆ ಆಗ ವ್ಯಾಪಾರದ ಏಜೆಂಟ್.

ನನ್ನನ್ನು ಜಾಸ್ತಿ ಸತಾಯಿಸಿದ್ದು ಮಾತ್ರ ಎಲ್ಲಕ್ಕಿಂತ ಸಣ್ಣ ಪದ, ಯೆಸ್. ರೈಲಿನಲ್ಲಿ ಮುದುಕಿಯೊಬ್ಬಳು ಪಕ್ಕದ ಸೀಟು ತೋರಿಸಿ "ಡು ಯು ಮೈಂಡ್?" ಅಂದಳು. ನಾನು ನಗುತ್ತ "ಯೆಸ್, ಯೆಸ್" ಅಂದೆ. ಅವಳು ಕೇಳಿದ್ದು "ಕೂತರೆ ನಿಮಗೆ ತೊಂದರೆಯಾ?" ಅಂತ. ಪಾಪ, ಮುಂದಿನ ಡಬ್ಬಿಗೆ ಹೋದಳು.

ಆಮೇಲೆ ಆಯಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ. ಪೆಟ್ಟಿಗೆ ಎಲ್ಲಿದೆ ಅಂತ ಅಲ್ಲಿನ ಅಂಚೆ ಆಫೀಸಿಗೆ ಫೋನ್ ಮಾಡಿದೆ. ನೀವು ಮನೆಯಲ್ಲಿರಲಿಲ್ಲ, ಬಂದು ಒಯ್ಯಿರಿ ಅಂತ ಬಾಗಿಲಿಗೆ ಹಾಕಿದ ಕಾರ್ಡ್ ನಿಮಗೆ ಸಿಕ್ಕಿಲ್ಲವಾ ಅಂತ ಆಫೀಸಿನಾಕೆ ಕೇಳಿದಳು. ನಾನು "ಯೆಸ್" ಅಂದೆ. ನಮ್ಮ ಲೆಕ್ಕದಲ್ಲಿ "ಹೌದು, ಸಿಕ್ಕಿಲ್ಲ". ಅವರ ಲೆಕ್ಕದಲ್ಲಿ "ಸಿಕ್ಕಿದೆ". ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಆದದ್ದಕ್ಕೆ ಯೆಸ್, ಆಗದ್ದಕ್ಕೆ ನೋ. ಅನುಮಾನ ಬಂದರೆ ಎರಡನ್ನೂ ಬಿಟ್ಟು "ನನಗೆ ಕಾರ್ಡ್ ಬಂದಿಲ್ಲ" ಅಂತ ಪೂರ್ತಿ ವಾಕ್ಯ ಹೇಳಿ. ನಾನು ಬಂದು ಒಯ್ಯುತ್ತೇನೆ ಅಂತ ಅವರು ಕಾದರು, ಅವರು ತಂದು ಕೊಡುತ್ತಾರೆ ಅಂತ ನಾನು ಕಾದೆ. ಪೆಟ್ಟಿಗೆ ವಾಪಸ್ ಶಿರಸಿಗೆ ಹೋಯಿತು. ಆಯಿ ಬಾಟಲಿ ತೆರೆದು ನೋಡಿದಳಂತೆ. ಉಪ್ಪು ಖಾರ ಚೆನ್ನಾಗಿ ಹಿಡಿದಿತ್ತಂತೆ.