ಕತ್ತಲೆ ಕೊಟ್ಟ ಮೇಲೆ ಮೊಗ್ಗು ಬಿಟ್ಟ ಕ್ಯಾಕ್ಟಸ್

ಪುಣೆಯ ಕೋಥ್ರೂಡಿನ ನಮ್ಮ ಫ್ಲ್ಯಾಟಿನಲ್ಲಿ ಕ್ರಿಸ್ಮಸ್ ಕ್ಯಾಕ್ಟಸ್ ಹಸಿರಾಗಿ ತುಂಬಿಕೊಂಡಿತ್ತು, ಹೂವು ಮಾತ್ರ ಸೊನ್ನೆ. ಗೊಬ್ಬರ ಹಾಕಿ ಎಂದವರೇ ಎಲ್ಲರೂ. ತೊಂದರೆ ಇದ್ದದ್ದು ಬೆಳಕಿನಲ್ಲಿ: ಮಲಗುವ ತನಕ ಹಾಲಿನ ಟ್ಯೂಬ್‌ಲೈಟು, ಆಮೇಲೆ ಕಿಟಕಿಯಿಂದ ಬೀದಿದೀಪ. ಮೊಗ್ಗು ಕಟ್ಟಬೇಕಾದರೆ ಈ ಗಿಡಕ್ಕೆ ಸುಮಾರು 6 ವಾರ, ರಾತ್ರಿಯೊಂದಕ್ಕೆ 12ರಿಂದ 14 ಗಂಟೆ ಒಂದೇ ಸಮನೆ ಕತ್ತಲೆ ಬೇಕು.

ದಸರಾ ಮುಗಿದದ್ದೇ ಕುಂಡವನ್ನು ಹಿಂದಿನ ಡ್ರೈ ಬಾಲ್ಕನಿಗೆ ಸಾಗಿಸಿ, ಸಂಜೆ ಅಲ್ಲಿ ದೀಪ ಹಾಕಬೇಡಿ ಅಂತ ಅತ್ತೆಗೆ ಹೇಳಿಟ್ಟೆ. (ಮೊಬೈಲ್ ಟಾರ್ಚಿನಲ್ಲಿ ವಾಷಿಂಗ್ ಮಶೀನ್ ಹಚ್ಚುತ್ತಿದ್ದರು, ಪಾಪ.) ನವೆಂಬರಿನ ತಂಪೂ ಸೇರಿತು. ಕಾಂಡದ ತುದಿಗಳಲ್ಲಿ ಜೋಳದ ಕಾಳಿನಷ್ಟು ಗುಲಾಬಿ ಮೊಗ್ಗು! ಆಮೇಲೆ ಕುಂಡವನ್ನು ಅಲುಗಿಸಲಿಲ್ಲ. ಜಾಗ ಬದಲಾದರೆ ಮೊಗ್ಗು ಉದುರುವುದುಂಟು.

ಹೂವು ಅರಳಿದಾಗ ಪರಾಗ ಹಳದಿ, ಕಾಂಡದ ಅಂಚಿನಲ್ಲಿ ಚೂಪು ಹಲ್ಲು. ಅಂದರೆ ಇದು ಥ್ಯಾಂಕ್ಸ್‌ಗಿವಿಂಗ್ ಕ್ಯಾಕ್ಟಸ್, ಶ್ಲಂಬರ್ಗೆರಾ ಟ್ರಂಕೇಟಾ. ನಿಜವಾದ ಕ್ರಿಸ್ಮಸ್ ಕ್ಯಾಕ್ಟಸ್ಸಿನ ಅಂಚು ದುಂಡಗೆ. ನರ್ಸರಿಗಳಲ್ಲಿ ಎರಡಕ್ಕೂ ಒಂದೇ ಚೀಟಿ. ಮೂಲ ಬ್ರೆಜಿಲ್ಲಿನ ಕಾಡು, ಮರದ ಮೇಲೆ ಬೆಳೆಯುವ ಜಾತಿ. ಮರುಭೂಮಿಯ ಕಳ್ಳಿಯಂತೆ ಪೂರ್ತಿ ಒಣಗಿಸಬಾರದು. ಮೇಲ್ಮಣ್ಣು ಒಣಗಿತೆಂದರೆ ನಾನು ನೀರು ಹಾಕುತ್ತೇನೆ.