ಗಿಡ್ಡ ಹಿಡಿ, ಉದ್ದ ಸ್ಲೈಡ್: ಕ್ಯಾರಿ ಪಿಸ್ತೂಲು ಆರಿಸಿದ ನನ್ನ ಅನುಭವ

ಸೊಂಟದಲ್ಲಿ ದಿನವಿಡೀ ಇಟ್ಟುಕೊಳ್ಳುವ ಪಿಸ್ತೂಲಿಗೆ ಹಿಡಿ ಗಿಡ್ಡ ಇರಬೇಕು, ಸ್ಲೈಡ್, ಅಂದರೆ ನಳಿಗೆಯ ಮೇಲೆ ಹಿಂದೆಮುಂದೆ ಜಾರುವ ಲೋಹದ ಭಾಗ, ಉದ್ದ ಇರಬೇಕು. ಗುಂಡು ಹೊಡೆಯುವ ನಮ್ಮ ರೇಂಜಿನ ಗೆಳೆಯರಿಗೆ ಹೀಗಂದಾಗ ಒಬ್ಬರೂ ಒಪ್ಪಲಿಲ್ಲ. "ಚಿಕ್ಕದು ಬೇಕಾದರೆ ಪೂರ್ತಿ ಚಿಕ್ಕದು ತಗೋ, ಇದೆಂಥ ಬೆರಕೆ" ಅಂದರು. ಈಗ ಅದೇ ಗುಂಪಿನ ಇಬ್ಬರು ನನ್ನ ಹಾಗೆಯೇ ಜೋಡಿಸಿಕೊಂಡು ಓಡಾಡುತ್ತಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹೊರವಲಯದಲ್ಲಿ. ಗ್ಯಾಸ್ ಸ್ಟೇಷನ್ ಜೊತೆಗಿರುವ ಸಣ್ಣ ಅಂಗಡಿ ನನ್ನದು. ರಾತ್ರಿ ಬಾಗಿಲು ಹಾಕಿ, ಕ್ಯಾಶ್ ಹಿಡಿದು ಕತ್ತಲಲ್ಲಿ ಕಾರಿನವರೆಗೆ ನಡೆಯಬೇಕು. ಎತ್ತರ ಐದಡಿ ಐದಿಂಚು, ಸೊಂಟ ಮೂವತ್ತು. ಇಲ್ಲಿನ ಗನ್ ಸಲಹೆಗಳೆಲ್ಲ ಆರಡಿ ಆಳಿಗೆ ಹೇಳಿದ್ದು, ಅದೂ ಮೇಲೊಂದು ದೊಗಲೆ ಫ್ಲಾನೆಲ್ ಅಂಗಿ ಹಾಕಿಕೊಂಡವನಿಗೆ. ಸುಡುಬಿಸಿಲಲ್ಲಿ ತೆಳು ಪೋಲೋ ಶರ್ಟ್ ಹಾಕಿಕೊಂಡು, ಫ್ರಿಜ್ಜಿನ ಕೆಳಗಿನ ಅರೆಗೆ ಬಗ್ಗಿ ಸೋಡಾ ಜೋಡಿಸುವವನ ಲೆಕ್ಕ ಬೇರೆ ಅಲ್ವಾ?

ಲೈಸೆನ್ಸ್ ವಿಷಯ ನಿಮಗೆ ಗೊತ್ತಿರುವುದೇ. 2021ರ ಸೆಪ್ಟೆಂಬರ್‌ನಿಂದ 21 ತುಂಬಿದ, ಕಾನೂನಿನ ಅಡ್ಡಿಯಿಲ್ಲದವರಿಗೆ ಇಲ್ಲಿ ಪರ್ಮಿಟ್ ಬೇಕಿಲ್ಲ. ಆದರೂ ಎಲ್‌ಟಿಸಿ, ಅಂದರೆ ಪಿಸ್ತೂಲು ಒಯ್ಯುವ ಲೈಸೆನ್ಸ್, ಮಾಡಿಸಿ. ಫೀಸು 40 ಡಾಲರ್, ಪರೀಕ್ಷೆಗೆ ಐವತ್ತು ಗುಂಡು. ಬೇರೆ ರಾಜ್ಯಕ್ಕೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಇನ್ನು ಎಚ್‌-1ಬಿಯಲ್ಲಿರುವ ಹುಡುಗರು ಪಿಸ್ತೂಲು ಕೊಳ್ಳುವ ಮಾತನ್ನು ಗ್ರೀನ್ ಕಾರ್ಡ್ ಬರುವವರೆಗೆ ಮರೆತುಬಿಡುವುದು ಒಳ್ಳೆಯದು. ಬೇಟೆ ಲೈಸೆನ್ಸ್ ತೋರಿಸಿ ನುಸುಳುವ ದಾರಿ ಇದೆ ಅಂತ ಯಾರಾದರೂ ಹೇಳಿದರೆ, ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ.

ಮೊದಲು ಕೊಂಡದ್ದು ಎಲ್ಲರೂ ಹೇಳುವ ಗ್ಲಾಕ್ 19. 1988ರಿಂದ ಇರುವ ಪಿಸ್ತೂಲು, ಮ್ಯಾಗಜೀನಿಗೆ 15 ಗುಂಡು. ಇವತ್ತಿಗೂ ಅದರಲ್ಲಿ ಹೊಡೆದಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ನಾನು ಹೊಡೆಯುವುದಿಲ್ಲ. ಗುಂಡು ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 850 ಗ್ರಾಂ ಚಿಲ್ಲರೆ. ತೂಕದ ತಲೆನೋವೇನೂ ಇಲ್ಲ, ಬೆಲ್ಟ್ ಗಟ್ಟಿಯಿದ್ದರೆ ಸಾಕು. ತೊಂದರೆಯೆಲ್ಲ ನನ್ನ ಮೈಕಟ್ಟಿನದು. ಬಗ್ಗಿದ ಕೂಡಲೇ ಹಿಡಿಯ ಮೂಲೆ ಅಂಗಿಯೊಳಗೆ ಗೂಟದ ಹಾಗೆ ಎದ್ದು ನಿಲ್ಲುತ್ತಿತ್ತು. ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಚೀಲ, ಬದಲಾಯಿಸಿದೆ. ಬಲಸೊಂಟದ ಹಿಂದೆ ಇಟ್ಟೆ, ಮುಂದೆ ಹೊಕ್ಕುಳ ಪಕ್ಕಕ್ಕೆ ತಂದೆ. ಒಂದೊಂದು ಹೋಲ್‌ಸ್ಟರಿಗೂ 60, 80 ಡಾಲರ್. ಒಂದು ಡ್ರಾಯರ್ ತುಂಬಿತು, ಅಂಗಿ ಮಾತ್ರ ಉಬ್ಬಿಯೇ ಇತ್ತು.

ಆಮೇಲೆ ಇನ್ನೊಂದು ತುದಿಗೆ ಹೋದೆ. ಜೇಬಿಗೆ ಹಾಕುವ ಪುಟ್ಟ ಪಿಸ್ತೂಲು, ಪಾಯಿಂಟ್ 380 ಅಳತೆಯ ಗುಂಡಿನದು. ಕಂಪನಿ ಹೆಸರು ಬೇಡ ಬಿಡಿ. ಮುನ್ನೂರು ಗ್ರಾಂ ಅಂದುಕೊಳ್ಳಿ, ಇದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಹಿಡಿಯಲು ಎರಡು ಬೆರಳಿಗಷ್ಟೇ ಜಾಗ. ಎರಡು ಮ್ಯಾಗಜೀನ್ ಹೊಡೆಯುವಷ್ಟರಲ್ಲಿ ಅಂಗೈ ಕೆಂಪು. ಹಾಲೋ ಪಾಯಿಂಟ್, ಅಂದರೆ ತುದಿ ಟೊಳ್ಳಾಗಿದ್ದು ಒಳಹೊಕ್ಕಾಗ ಅರಳುವ ಗುಂಡು, ಹಾಕಿದರೆ ಮ್ಯಾಗಜೀನಿಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಇಂಥದ್ದನ್ನು ನಂಬಿ ರಾತ್ರಿ ಬೀಗ ಹಾಕೋಕಾಗುತ್ತಾ? 300 ಡಾಲರ್ ಚಿಲ್ಲರೆಗೆ ಕೊಂಡದ್ದು ಗನ್ ಅಂಗಡಿಯಲ್ಲಿ ಅರ್ಧಕ್ಕೆ ಹೋಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಕೊಡಗಿನ ಕಡೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿಟ್ಟ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು ನಾನು. ಆ ಜಂಬ ಇಲ್ಲಿನ ರೇಂಜಿನಲ್ಲಿ ಮೊದಲ ವಾರವೇ ಇಳಿಯಿತು. ಭುಜಕ್ಕೆ ಕೊಟ್ಟು ಹೊಡೆಯುವ ಕೋವಿ ಬೇರೆ, ನಾಲ್ಕಿಂಚಿನ ನಳಿಗೆಯನ್ನು ಬರಿಗೈಯಲ್ಲಿ ಅಲುಗದಂತೆ ಹಿಡಿಯುವುದು ಬೇರೆ.

ಮೂರನೆಯದಾಗಿ ರೇಂಜಿನಲ್ಲಿ ಬಾಡಿಗೆಗೆ ಹಿಡಿದದ್ದು ಗ್ಲಾಕ್ 43ಎಕ್ಸ್. "ತೆಳ್ಳಗಿದೆ, ನಿನಗೆ ಇದೇ ಸರಿ" ಅಂದರು. ತೆಳ್ಳಗಿದೆ ನಿಜ, ಸ್ಲೈಡಿನ ಅಗಲ 22 ಮಿಲಿಮೀಟರ್. ಆದರೆ ಅಳತೆ ಪಟ್ಟಿ ನೋಡಿ. ಎತ್ತರ 128 ಮಿಲಿಮೀಟರ್. ಗ್ಲಾಕ್ 19ರದ್ದೂ 128! ಉದ್ದದಲ್ಲಿ ಎರಡು ಸೆಂಟಿಮೀಟರ್ ಕಡಿಮೆ ಮಾಡಿದ್ದಾರೆ, ಅದು ಹೇಗೂ ಪ್ಯಾಂಟಿನೊಳಗೆ ಇಳಿಯುವ ಭಾಗ. ಅಂಗಿ ಎತ್ತುವ ಭಾಗ ಹಾಗೇ ಉಳಿದಿದೆ. ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ.

ಮುಂದೆ ಮಾಡಿದ್ದನ್ನು ನೋಡಿಯೇ ಎಲ್ಲರೂ ನಕ್ಕಿದ್ದು. ತರಬೇತಿಗೆ ಬಳಸುವ ನೀಲಿ ಪ್ಲಾಸ್ಟಿಕ್ ಡಮ್ಮಿ ಸಿಗುತ್ತದಲ್ಲ, ಅಸಲಿ ಪಿಸ್ತೂಲಿನದೇ ಅಳತೆ, ಐವತ್ತು ಡಾಲರ್ ಆಸುಪಾಸು. ಗ್ಲಾಕ್ 19ರದ್ದು ಒಂದು ತರಿಸಿದೆ. ನನ್ನ ಹತ್ತಿರ ಇದ್ದ ಹೋಲ್‌ಸ್ಟರಿನಲ್ಲೇ ಅದು ಕೂರುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿ ಮನೆಯಲ್ಲಿ ಓಡಾಡಿದೆ. ಬಗ್ಗಿದೆ, ಕುಕ್ಕರಗಾಲಲ್ಲಿ ಕೂತೆ, ಮೇಲಿನ ಅರೆಗೆ ಕೈ ಚಾಚಿದೆ. ಹೆಂಡತಿ ಪಕ್ಕದಿಂದ ಫೋಟೋ ತೆಗೆದಳು. ಆಮೇಲೆ ಡಮ್ಮಿಯನ್ನು ವೈಸಿಗೆ ಕಚ್ಚಿಸಿ, ಹ್ಯಾಕ್ಸಾದಲ್ಲಿ ಹಿಡಿಯ ತಳದಿಂದ ಅರ್ಧ ಬೆರಳಷ್ಟು ಕೊಯ್ದೆ. ಮತ್ತೆ ಸಿಕ್ಕಿಸಿಕೊಂಡೆ, ಮತ್ತೆ ಫೋಟೋ. ಮತ್ತೆ ಇನ್ನಷ್ಟು ಕೊಯ್ದೆ. ನೀಲಿ ಪುಡಿ ಗರಾಜಿನ ತುಂಬಾ. ಎತ್ತರ 110 ಮಿಲಿಮೀಟರಿಗೆ ಬಂದಾಗ ಅಂಗಿ ಸುಮ್ನೆ ಬಿತ್ತು. ಬಗ್ಗಿದರೂ ಏನೂ ಕಾಣಲಿಲ್ಲ. ಕೊಯ್ದದ್ದು ಹಿಡಿಯನ್ನು ಮಾತ್ರ, ಸ್ಲೈಡನ್ನು ಮುಟ್ಟಿರಲೇ ಇಲ್ಲ.

ಕುತೂಹಲಕ್ಕೆ ಸ್ಲೈಡಿನ ಮೂತಿಯನ್ನೂ ಒಂದಿಂಚು ಕೊಯ್ದು ನೋಡಿದೆ. ಹಿಡಿ ಮತ್ತೆ ಹೊರಗೆ ವಾಲಿತು! ಕಾರಣ ಸರಳ. ಮುಂಭಾಗದಲ್ಲಿ ಇಟ್ಟುಕೊಂಡಾಗ ಬೆಲ್ಟಿನ ಕೆಳಗೆ ಉದ್ದ ಜಾಸ್ತಿ ಇದ್ದರೆ ಮೈ ಅದನ್ನು ಹೊರಕ್ಕೆ ಒತ್ತುತ್ತದೆ. ಕೆಳಗೆ ಹೊರಕ್ಕೆ ಹೋದಷ್ಟೂ ಮೇಲಿನ ಹಿಡಿ ಹೊಟ್ಟೆಯ ಕಡೆಗೆ ಬಾಗುತ್ತದೆ. ಉದ್ದ ಸ್ಲೈಡ್ ಹಿಡಿಯನ್ನು ಬಚ್ಚಿಡಲು ಸಹಾಯವನ್ನೇ ಮಾಡುತ್ತದೆ.

ಈಗ ಬೇಕಾದದ್ದು 110 ಮಿಲಿಮೀಟರಿನೊಳಗಿನ ಹಿಡಿ, ಮೂರೂವರೆ ಇಂಚಿಗಿಂತ ಜಾಸ್ತಿ ನಳಿಗೆ. 2018ರಲ್ಲಿ ಬಂದ ಸಿಗ್ ಪಿ365ರ ಎತ್ತರ 4.3 ಇಂಚು, ಅಂದರೆ 109 ಮಿಲಿಮೀಟರ್. ಹತ್ತು ಗುಂಡು. ನಳಿಗೆ ಮಾತ್ರ 3.1 ಇಂಚು. ಮರುವರ್ಷ ಬಂದ ಎಕ್ಸ್‌ಎಲ್‌ಗೆ ನಳಿಗೆ 3.7, ಆದರೆ ಹಿಡಿಯೂ ಉದ್ದ. ಈ ಪಿಸ್ತೂಲಿನಲ್ಲಿ ಸೀರಿಯಲ್ ನಂಬರ್ ಇರುವುದು ಒಳಗಿನ ಟ್ರಿಗರ್ ಚೌಕಟ್ಟಿಗೆ, ಹಿಡಿ ಬರೀ ಪ್ಲಾಸ್ಟಿಕ್ ಬಿಡಿಭಾಗ. ಎಕ್ಸ್‌ಎಲ್ ಕೊಂಡೆ, 600 ಡಾಲರ್ ಹತ್ತಿರ. ಚಿಕ್ಕ ಪಿ365ರ ಹಿಡಿಯನ್ನು ಅಂಚೆಯಲ್ಲಿ ತರಿಸಿದೆ, ಐವತ್ತು ಡಾಲರ್. ಹತ್ತು ನಿಮಿಷದಲ್ಲಿ ಬದಲಾಯಿತು. ಸ್ಲೈಡಿನ ಮೂತಿ ಸ್ವಲ್ಪ ಮುಂದಕ್ಕೆ ಚಾಚಿಕೊಂಡು ನೋಡಲು ವಿಚಿತ್ರ. ಕೆಲಸಕ್ಕೆ ಏನೂ ಅಡ್ಡಿಯಿಲ್ಲ. ನನ್ನದು ಕೈಯಿಂದ ಹಾಕುವ ಸೇಫ್ಟಿ ಇರುವ ಮಾಡೆಲ್. ನಿಮ್ಮದೂ ಅದೇ ಆದರೆ ಹಿಡಿಯಲ್ಲಿ ಅದಕ್ಕೆ ಕಂಡಿ ಇದೆಯಾ ನೋಡಿ ತರಿಸಿ. ಗುಂಡು ತುಂಬಿ ತೂಗಿದರೆ 700 ಗ್ರಾಂ ಸುತ್ತಮುತ್ತ.

ಹೋಲ್‌ಸ್ಟರ್ ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು, ಟ್ರಿಗರ್ ಪೂರ್ತಿ ಮುಚ್ಚುವಂಥದ್ದು. ಬೆಲ್ಟನ್ನು ಒತ್ತಿ ಹಿಡಿಯನ್ನು ಮೈಕಡೆಗೆ ತಿರುಗಿಸುವ ಕ್ಲಾ ಅನ್ನುವ ಕೊಂಡಿ ಇರಲೇಬೇಕು. ಹಿಂದೆ ಒಂದು ಫೋಮ್ ತುಂಡು ಅಂಟಿಸಿದ್ದೇನೆ. ಅದನ್ನು ಯಾವ ಓರೆಯಲ್ಲಿ ಕೊಯ್ದು ಎಲ್ಲಿ ಅಂಟಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ರೇಂಜಿಗೆ ಬಂದು ಒಂದು ಕಾಫಿ ಕೊಡಿಸಿದವರಿಗೆ ತೋರಿಸುತ್ತೇನೆ. ಪಿಸ್ತೂಲನ್ನು ಹೋಲ್‌ಸ್ಟರಿಗೆ ಮೊದಲೇ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸುತ್ತೇನೆ. ಮೂತಿ ಯಾವ ಕಡೆಗಿದೆ ಅಂತ ನೆನೆಸಿಕೊಂಡರೆ ಯಾಕೆ ಅಂತ ಗೊತ್ತಾಗುತ್ತದೆ.

ಹೊಡೆಯುವುದರಲ್ಲಿ ನನ್ನ ಪರೀಕ್ಷೆ ಒಂದೇ. ರೇಂಜಿಗೆ ಹೋದ ತಕ್ಷಣ, ಕೈ ಬಿಸಿಯಾಗುವ ಮೊದಲು, ಏಳು ಗಜದಲ್ಲಿ ಪೇಪರ್ ಪ್ಲೇಟಿಗೆ ಐದು ಗುಂಡು. ಐವತ್ತು ಹೊಡೆದ ಮೇಲೆ ಯಾರು ಬೇಕಾದರೂ ಚೆನ್ನಾಗಿ ಹೊಡೆಯುತ್ತಾರೆ. ಗ್ಲಾಕ್ 19ರಲ್ಲಿ ಐದೂ ಒಳಗೆ. ಈ ಬೆರಕೆಯಲ್ಲಿ ಶುರುವಿನಲ್ಲಿ ಮೂರು ನಾಲ್ಕು, ಈಗ ಹೆಚ್ಚುಕಡಿಮೆ ಯಾವಾಗಲೂ ಐದು. ದಿನಾ ರಾತ್ರಿ ಗುಂಡು ಬೇರೆ ಕೋಣೆಯಲ್ಲಿಟ್ಟು ಖಾಲಿ ಪಿಸ್ತೂಲಿನಲ್ಲಿ ಹತ್ತು ನಿಮಿಷ ಅಭ್ಯಾಸ. 2020ರಲ್ಲಿ ಇಪ್ಪತ್ತು ಸೆಂಟಿನ ಒಂಬತ್ತು ಎಂಎಂ ಗುಂಡು ಎಪ್ಪತ್ತು ಎಂಬತ್ತಕ್ಕೆ ಏರಿದಾಗ ಹತ್ತಿದ ಅಭ್ಯಾಸ ಇದು. ನನ್ನ ಕೈ ಪಳಗಿದ್ದು ಆ ಬೆಲೆಯೇರಿಕೆಯಿಂದಲೇ.

ಗೆಳೆಯನ ರ‍್ಯಾಂಚಿನಲ್ಲಿ ಒಂದು ಆಟವೂ ನಡೆಯಿತು. ಹಳೇ ಜೀನ್ಸ್ ಬಟ್ಟೆಯನ್ನು ನಾಲ್ಕು ಪದರ ಮಾಡಿ, ಹಿಂದೆ ನೀರು ತುಂಬಿದ ಗ್ಯಾಲನ್ ಡಬ್ಬಗಳ ಸಾಲು. ಮಾರುವ ಮೊದಲು ಆ ಪಾಯಿಂಟ್ 380ಯಲ್ಲೂ ಹೊಡೆದು ನೋಡಿದ್ದೆ. ಅದರ ಹಾಲೋ ಪಾಯಿಂಟಿನ ಬಾಯಿಗೆ ಬಟ್ಟೆ ತುಂಬಿಕೊಂಡು ಅರಳಲೇ ಇಲ್ಲ. ಒಂಬತ್ತು ಎಂಎಂನ 124 ಗ್ರೇನ್ ತೂಕದ ಫೆಡರಲ್ ಎಚ್‌ಎಸ್‌ಟಿ ಗುಂಡು ಹೂವರಳಿದಂತೆ ಅರಳಿ ಡಬ್ಬದೊಳಗೆ ಸಿಕ್ಕಿತು. ನೀರು ಪರೀಕ್ಷೆಯ ಜೆಲ್ ಅಲ್ಲ, ಗುಂಡು ಜೆಲ್ಲಿನಲ್ಲಿ 12ರಿಂದ 18 ಇಂಚು ಇಳಿಯಬೇಕೆನ್ನುವ ಎಫ್‌ಬಿಐನವರ ಅಳತೆಗೆ ಇದನ್ನು ಹೋಲಿಸಲಾಗದು. ಆದರೂ ಮನಸ್ಸಿಗೆ ಸಮಾಧಾನ. ಆ ಗುಂಡನ್ನೇ ಇನ್ನೂರರಷ್ಟು ಹೊಡೆದು, ಒಂದೂ ಸಿಕ್ಕಿಕೊಳ್ಳಲಿಲ್ಲ ಅಂತ ನೋಡಿದ ಮೇಲೆ ಸೊಂಟಕ್ಕೆ ಏರಿಸಿದ್ದು. ಒಂದೊಂದಕ್ಕೂ ಮುಕ್ಕಾಲು ಡಾಲರ್ ಬೀಳುತ್ತದೆ, ಇಲ್ಲಿ ಜಿಪುಣತನ ಬೇಡ.

ಒಟ್ಟು ಖರ್ಚು ಎರಡು ಸಾವಿರ ಡಾಲರ್ ದಾಟಿದೆ. ಡಮ್ಮಿಯಿಂದ ಶುರು ಮಾಡುವವರಿಗೆ ಸಾವಿರದೊಳಗೆ ಮುಗಿಯುತ್ತದೆ, ಬೆಲ್ಟು ಗುಂಡು ಎಲ್ಲ ಸೇರಿ.

ಕಾರಿನಲ್ಲಿ ಒಂದು ಉಕ್ಕಿನ ಪೆಟ್ಟಿಗೆಯನ್ನೂ ಇದರಲ್ಲೇ ಸೇರಿಸಿಕೊಳ್ಳಿ, ನಲವತ್ತು ಡಾಲರ್. ನಮ್ಮ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಎಲ್ಲ ಶಾಲೆಯ ಆಡಿಟೋರಿಯಂಗಳಲ್ಲೇ ಅಲ್ವಾ? ಅಲ್ಲಿ ಲೈಸೆನ್ಸ್ ಇದ್ದರೂ ಒಳಗೆ ಒಯ್ಯುವಂತಿಲ್ಲ. ದೇವಸ್ಥಾನದವರು 30.06 ಬೋರ್ಡ್ (ಲೈಸೆನ್ಸ್ ಇದ್ದವರೂ ಬಚ್ಚಿಟ್ಟು ಗನ್ ತರಬಾರದು ಅನ್ನುವ ಕಾನೂನಿನ ಫಲಕ) ಹಾಕಿದ್ದರೆ ಅಲ್ಲೂ ಇಲ್ಲ. ಪೆಟ್ಟಿಗೆಯನ್ನು ಕೇಬಲ್‌ನಿಂದ ಸೀಟಿನ ಕಾಲಿಗೆ ಬಿಗಿಯಿರಿ. ಕಾರಿನ ಹಿಂದಿನ ಗಾಜಿಗೆ ಗನ್ ಕಂಪನಿಯ ಸ್ಟಿಕ್ಕರ್ ಅಂಟಿಸಿದ್ದರೆ ಇವತ್ತೇ ಕಿತ್ತುಹಾಕಿ, ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.